ಹೆಣ್ಣು ನೋಡಲು ಹೋಗುವ ಮೊದಲೇ ಆಟಿಸಂ ವಿಷಯ ಹೇಳಬೇಕೇ?

ತುಂಗಾತೀರ: ನನಗೆ 32 ವರ್ಷ. ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಮಾತಾಡುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ, ನನಗಿದೆ ಎಂದು ಮನೋವೈದ್ಯರು ಖಚಿತಪಡಿಸಿದ್ದು ಕಳೆದ ವರ್ಷ. ಕೆಲಸ, ಸಂಬಳ, ಅಡುಗೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಈಗ ಮನೆಯಲ್ಲಿ ಹೆಣ್ಣು ಹುಡುಕುತ್ತಿದ್ದಾರೆ. ವಿಷಯ ಹೊರಗೆ ಬರಬಾರದು, ‘ಹುಡುಗ ಮಿತಭಾಷಿ’ ಎಂದರೆ ಸಾಕು ಎನ್ನುತ್ತಾರೆ ಅಮ್ಮ. (ರೈಲ್ವೆ ಸಿಗ್ನಲ್ ಮಾತೆತ್ತಿದರೆ ನಾನೆಷ್ಟು ಮಿತಭಾಷಿ ಎಂಬುದು ಗೆಳೆಯರಿಗೆ ಗೊತ್ತು.) ಹೇಳಲೇಬೇಕು ಎಂಬುದು ನನ್ನ ಮನಸ್ಸು. ಯಾವಾಗ ಹೇಳಲಿ, ಯಾರಿಗೆ ಹೇಳಲಿ?

ಕರಿಮೆಣಸು: ನಿಮ್ಮ ತಾಯಿಯ ಮಾತನ್ನು ತಳ್ಳಿಹಾಕಬೇಡಿ. ಮದುವೆ ದಲ್ಲಾಳಿಯ ಕಿವಿಗೆ ಬಿದ್ದರೆ ಊರಿಗೇ ಡಂಗುರ. ತಂಗಿಯಿದ್ದರೆ ಅವಳ ಸಂಬಂಧಕ್ಕೂ ತೊಡಕು. ನಿಶ್ಚಿತಾರ್ಥ ಆಗಲಿ, ಒಬ್ಬರನ್ನೊಬ್ಬರು ನಂಬಿದ ಮೇಲೆ ನಿಧಾನವಾಗಿ ಹೇಳಿ.

ಪಟ್ಟೆಹುಲಿ: ಛತ್ರಕ್ಕೆ ಮುಂಗಡ ಕೊಟ್ಟಾದ ಮೇಲೆ ಹೇಳಿದರೆ ಆ ಹುಡುಗಿ ‘ಬೇಡ’ ಎನ್ನುವುದು ಹೇಗೆ ಸ್ವಾಮಿ? 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಓದಿ. ಮುಖ್ಯ ಸಂಗತಿಯ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದಿದ್ದರೆ, ವಂಚನೆ ತಿಳಿದ ಒಂದು ವರ್ಷದೊಳಗೆ ಮದುವೆ ರದ್ದು ಕೋರಬಹುದು. ಆಟಿಸಂ ಆ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಪ್ರಕರಣ ನೋಡಿ ನ್ಯಾಯಾಲಯ ಹೇಳಬೇಕು. ಆ ಮೆಟ್ಟಿಲು ಹತ್ತುವ ಗತಿಯಾದರೂ ಏಕೆ?

ಸಂಜೆಮಲ್ಲಿಗೆ: ನಾನು ಹೆಣ್ಣು ಹೆತ್ತವಳು, ಬೇಸರ ಮಾಡಿಕೊಳ್ಳಬೇಡಪ್ಪ. ಇಂಥವರಿಗೆ ಎದುರಿನವರ ಮನಸ್ಸು ತಿಳಿಯುವುದಿಲ್ಲ ಎಂದು ಕೇಳಿದ್ದೇನೆ. ನನ್ನ ಮಗಳು ಅತ್ತರೆ ಯಾರು ನೋಡುತ್ತಾರೆ?

ಹೊಂಗೆನೆರಳು: ಅಮ್ಮಾ, ನನಗೂ ಆಟಿಸಂ ಇದೆ, ಮದುವೆಯೂ ಆಗಿದೆ. ಅಳು ನಮಗೆ ತಿಳಿಯುತ್ತದೆ. ಆಗ ಏನು ಮಾಡಬೇಕೆಂದು ತೋಚದೆ ನಿಂತುಬಿಡುತ್ತೇವೆ, ನೋಡಿದವರು ಅದನ್ನು ಕಲ್ಲುಮನಸ್ಸು ಎಂದುಕೊಳ್ಳುತ್ತಾರೆ. ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದರು, ಅವರೂ ಆಟಿಸಂ ಇರುವವರೇ.

ತುಂಗಾತೀರ ಅವರೇ, ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ನೋವಾ ಸ್ಯಾಸನ್ ಮತ್ತು ಸಂಗಡಿಗರ 2017ರ ಅಧ್ಯಯನ. ವಿಡಿಯೋ, ಚಿತ್ರ ನೋಡಿದವರು ಕೆಲವೇ ಕ್ಷಣಗಳಲ್ಲಿ ಆಟಿಸಂ ಇರುವವರನ್ನು ಕಡಿಮೆ ಇಷ್ಟಪಟ್ಟರು. ಅವರ ಮಾತನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನಮ್ಮ ಹೆಣ್ಣು ನೋಡುವ ಶಾಸ್ತ್ರ ಎಂದರೇನು? ಹತ್ತು ಜೊತೆ ಕಣ್ಣುಗಳ ಮುಂದೆ ಉಪ್ಪಿಟ್ಟು ತಿನ್ನುತ್ತಾ ಅರ್ಧ ಗಂಟೆ ಪರೀಕ್ಷೆ. ನೀವು ಸೋಲಲೆಂದೇ ಏರ್ಪಡಿಸಿದಂತಿದೆ! ಜಾತಕ ಕೂಡಿಬಂದ ಕೂಡಲೇ, ಮನೆಯವರು ಸೇರುವ ಮೊದಲು, ಹುಡುಗಿಗೇ ಬರೆಯಿರಿ. ದಲ್ಲಾಳಿಗೆ ಬೇಡ, ಮಾವಂದಿರಿಗೂ ಬೇಡ. ಆಟಿಸಂ ಎಂಬ ಹೆಸರಷ್ಟನ್ನೇ ಬರೆದು ಕೈತೊಳೆದುಕೊಳ್ಳಬೇಡಿ. ಛತ್ರದ ಗದ್ದಲದಲ್ಲಿ ಎಷ್ಟು ಹೊತ್ತು ಇರಬಲ್ಲಿರಿ, ಹೇಳದೆ ಬರುವ ನೆಂಟರು ಬಂದರೆ ಏನಾಗುತ್ತದೆ, ಕೋಪ ಬಂದಾಗ ಮಾತು ನಿಲ್ಲುತ್ತದೆಯೇ, ಇವನ್ನೆಲ್ಲ ಬರೆಯಿರಿ. ಅವಳಿಗೆ ಏನು ಕಷ್ಟವಾಗುತ್ತದೆ ಎಂದೂ ಕೇಳಿ.

ನಡುಮನೆ: ಈ ‘ಎರಡೂ ಕಡೆ’ಯ ಮಾತು ಕೇಳಲು ಚೆನ್ನ. ನನ್ನ ಪತಿಗೆ ಆಟಿಸಂ ಇದೆ. ಜ್ವರ ಬಂದಾಗ ‘ಗಂಜಿ ಮಾಡಿಕೊಡಿ’ ಎಂದರೆ ರಾತ್ರಿ ಎರಡಕ್ಕೂ ಎದ್ದು ಮಾಡುತ್ತಾರೆ. ಹೇಳದಿದ್ದರೆ ಪಕ್ಕದಲ್ಲೇ ಕುಳಿತು ಪುಸ್ತಕ ಓದುತ್ತಾರೆ. ಪ್ರೀತಿಗೆ ಕೊರತೆಯಿಲ್ಲ. ಆದರೆ ಪ್ರತಿಯೊಂದನ್ನೂ ಬಾಯಿಬಿಟ್ಟು ಕೇಳಬೇಕಾದ ದಣಿವು ನನ್ನದು. ನೆಂಟರ ಮನೆಗೆ ಒಬ್ಬಳೇ ಹೋಗಿ ‘ಅವರು ಬರಲಿಲ್ಲವೇ’ ಎಂಬ ಪ್ರಶ್ನೆಗೆ ಉತ್ತರಿಸುವವಳೂ ನಾನೇ. ಪತ್ರದಲ್ಲಿ ಇದೂ ಇರಲಿ.

ಹೊಂಗೆನೆರಳು: ಒಪ್ಪಿದೆ. ನಮ್ಮ ಮನೆಯಲ್ಲಿ ಆ ದಣಿವು ನನ್ನ ಗಂಡನದು.

ಕರಿಮೆಣಸು: ಹುಡುಗಿ ಆ ಪತ್ರವನ್ನು ಅಪ್ಪನಿಗೆ ತೋರಿಸಿದರೆ?

ತುಂಗಾತೀರ: ತೋರಿಸಲಿ, ಅದು ಅವಳ ಹಕ್ಕು. ಹತ್ತು ಮನೆಯವರು ಬೇಡವೆಂದರೂ ಅಡ್ಡಿಯಿಲ್ಲ, ದಿನವಿಡೀ ನಟಿಸುತ್ತಾ ಸಂಸಾರ ಮಾಡಲು ನನ್ನಿಂದಾಗದು. ತಂಗಿಯ ಮಾತು ಮಾತ್ರ ಚುಚ್ಚಿತು. ಅಮ್ಮನಿಗಿಂತ ಮೊದಲು ಅವಳನ್ನು ಕೇಳುತ್ತೇನೆ. ನಡುಮನೆ ಅವರೇ, ಕೇಳದೆಯೇ ಅವರು ಮಾಡಲಿ ಎಂದು ನಿಮಗನಿಸುವ ಕೆಲಸಗಳನ್ನು ಬರೆದುಕೊಟ್ಟರೆ ದಣಿವು ಇಳಿಯುತ್ತದೆಯೇ?

ನಡುಮನೆ: ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇವೆ. ಅರ್ಧ ಇಳಿದಿದೆ.