ಪಾರ್ಸೆಲ್‌ನಲ್ಲಿ ಬರುವ ಮೀನುಗಳನ್ನು ಟ್ಯಾಂಕಿಗೆ ಬಿಡುವುದು ಹೇಗೆ?

ಪ್ರಶ್ನೆ:
60 ಲೀಟರ್ ಟ್ಯಾಂಕ್, ಹೀಟರ್ 26 ಡಿಗ್ರಿಯಲ್ಲಿದೆ. ಆರು ನಿಯಾನ್ ಟೆಟ್ರಾ ಬರಲಿವೆ, ದಾರಿಯಲ್ಲೇ ಒಂದು ದಿನ ಕಳೆಯುತ್ತದೆ. ಗಂಟೆಗಟ್ಟಲೆ ಹನಿಹನಿಯಾಗಿ ಟ್ಯಾಂಕಿನ ನೀರು ಸೇರಿಸಬೇಕೇ?

ಉತ್ತರ 1:
ಅಷ್ಟು ಹೊತ್ತು ಕವರಿನಲ್ಲಿದ್ದ ಮೀನಿಗೆ ಹನಿ ವಿಧಾನ ಬೇಡ. ಮುಚ್ಚಿದ ಕವರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಇಳಿದಿರುತ್ತದೆ. ಹಾಗಾಗಿ ಮೀನಿನ ತ್ಯಾಜ್ಯದಿಂದ ಅಲ್ಲಿ ಸೇರಿದ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಕೆಡುಕು ಮಾಡದು. ಕವರ್ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗಿ ಕಿವಿರುಗಳನ್ನು ಸುಡುತ್ತದೆ. ಲೈಟ್ ಆರಿಸಿ, ಬಿಚ್ಚದೆ 20 ನಿಮಿಷ ತೇಲಿಬಿಡಿ. ಬಿಚ್ಚಿದ ತಕ್ಷಣ ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಸುರಿಯಬೇಡಿ.

ಉತ್ತರ 2:
ಒಪ್ಪಿದೆ, ಆದರೆ ನೇರವಾಗಿ ಮುಖ್ಯ ಟ್ಯಾಂಕಿಗೆ ಬೇಡವೇ ಬೇಡ. 20 ಲೀಟರಿನ ಬೇರೆ ಟ್ಯಾಂಕಿನಲ್ಲಿ ನಾಲ್ಕು ವಾರ ಇಡಿ. ಅದರ ಸ್ಪಂಜ್ ಫಿಲ್ಟರನ್ನು ಈಗಿನಿಂದಲೇ ಮುಖ್ಯ ಟ್ಯಾಂಕಿನಲ್ಲಿ ಓಡಿಸಿ, ಅಮೋನಿಯಾ ನಿವಾರಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯಾಗಲಿ. ಬಿಳಿಚುಕ್ಕೆ ರೋಗ ಕಿವಿರಿನೊಳಗಿದ್ದರೆ ಮೊದಲ ದಿನ ಕಾಣುವುದೇ ಇಲ್ಲ. ಬಲೆ, ಬಕೆಟ್ ಕೂಡ ಬೇರೆಯೇ ಇರಲಿ.

ಉತ್ತರ 3:
ಕಳಿಸುವವರ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಮೊದಲೇ ಕೇಳಿ. ತುಂಬಾ ವ್ಯತ್ಯಾಸವಿದ್ದರೆ ಆ ಚಿಕ್ಕ ಟ್ಯಾಂಕಿನ ನೀರನ್ನೇ ಅದಕ್ಕೆ ಹೊಂದಿಸಿ, ಆಮೇಲೆ ದಿನಕ್ಕಿಷ್ಟು ಬದಲಿಸುತ್ತಾ ನಿಮ್ಮ ನೀರಿಗೆ ತನ್ನಿ. ಮೊದಲ ದಿನ ಆಹಾರ ಹಾಕಬೇಡಿ. ಅಮೋನಿಯಾ, ನೈಟ್ರೈಟ್ (ಅಮೋನಿಯಾದಿಂದ ಆಗುವ ಇನ್ನೊಂದು ವಿಷ) ಸೊನ್ನೆ ಇಲ್ಲದಿದ್ದರೆ ಕ್ಲೋರಿನ್ ತೆಗೆದ ನೀರಿನಿಂದ ಕಾಲುಭಾಗ ಬದಲಿಸಿ.