ಹೊರದೇಶದಲ್ಲಿ ಮೊಬೈಲ್ ಡೇಟಾಗೆ ಏನ್ ಮಾಡ್ತೀರಾ?

ಪ್ರಶ್ನೆ: ಮೊದಲನೇ ಸಲ ಹೊರದೇಶಕ್ಕೆ ಹೋಗ್ತಿದೀನಿ, ಹತ್ತು ದಿನ. ರೋಮಿಂಗ್ ಹಾಕಿಸ್ಕೊಳ್ಳೋದಾ, ಇಸಿಮ್ (ಕಾರ್ಡ್ ಇಲ್ದೆ ಫೋನಿಗೇ ಡೌನ್‌ಲೋಡ್ ಮಾಡ್ಕೊಳ್ಳೋ ಸಿಮ್) ತಗೊಳ್ಳೋದಾ? ಬ್ಯಾಂಕ್ ಓಟಿಪಿ ಬರೋ ನಂಬರ್ ಬಂದ್ ಆಗ್ಬಾರ್ದು, ಅದೇ ಭಯ.

ಉತ್ತರ 1: ಇಸಿಮ್ ತಗೊಳ್ಳಿ. ಮೊದ್ಲು *#06# ಡಯಲ್ ಮಾಡಿ, ಇಐಡಿ ಅಂತ ಉದ್ದದ ನಂಬರ್ ಕಾಣಿಸಿದ್ರೆ ನಿಮ್ಮ ಫೋನಲ್ಲಿ ಇಸಿಮ್ ನಡೆಯುತ್ತೆ, ಮನೇಲಿ ವೈಫೈ ಇರೋವಾಗ್ಲೇ ಇಸಿಮ್ ಕೊಂಡಾಗ ಕೊಡೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇನ್‌ಸ್ಟಾಲ್ ಮಾಡ್ಕೊಂಡ್ಬಿಡಿ, ಇಳಿದ್ಮೇಲೆ ನೆಟ್ಟೇ ಇಲ್ದೆ ಅದನ್ನ ಡೌನ್‌ಲೋಡ್ ಮಾಡೋಕಾಗಲ್ಲ.

ಉತ್ತರ 2: ಹಳೇ ಸಿಮ್ ತೆಗೀಬೇಡಿ, ಆನ್ ಇರ್ಲಿ. ಅದರ ಡೇಟಾ ಮಾತ್ರ ಆಫ್ ಮಾಡಿ, ಇಸಿಮ್‌ದು ಡೇಟಾ ರೋಮಿಂಗ್ ಆನ್ ಮಾಡಿ. ನಾನು ಆ ಒಂದು ಬಟನ್ ಮರ್ತು ಏರ್‌ಪೋರ್ಟಲ್ಲಿ ಸಿಗ್ನಲ್ ಫುಲ್ ಇದ್ರೂ ನೆಟ್ ಬರ್ದೆ ಅರ್ಧ ಗಂಟೆ ಒದ್ದಾಡಿದೀನಿ. ಹಳೇ ನಂಬರ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಆಕ್ಟಿವ್ ಇದೆಯಾ ಕೇಳ್ಕೊಳ್ಳಿ, ಇಲ್ಲಾಂದ್ರೆ ಓಟಿಪಿ ಮೆಸೇಜೂ ಬರಲ್ಲ.

ಉತ್ತರ 3: ಮ್ಯಾಪ್ ಆಫ್‌ಲೈನ್ ಇಳಿಸ್ಕೊಳ್ಳಿ, ಡೇಟಾ ತುಂಬಾ ಉಳಿಯುತ್ತೆ.