ಅಪ್ಪಯ್ಯನ ರಿಪೋರ್ಟಿನಲ್ಲಿ ಎಸ್‌ಎಫ್‌3ಬಿ1 ಎಂದಿದೆ, ಇದಕ್ಕೇ ಅಂತ ಔಷಧಿ ಇದೆಯಾ?

ತೋಟದಮನೆ, ಶಿರಸಿ:
ಅಪ್ಪಯ್ಯನಿಗೆ 71. ಚಾಲಿ ಸುಲಿಯುವ ಹೊತ್ತಿಗೆ ಅಟ್ಟದ ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸು ಅಂದುಕೊಂಡೆವು. ಎಂಡಿಎಸ್ ಅಂತೆ, ಮೂಳೆಯ ಮಜ್ಜೆಯಲ್ಲಿ ರಕ್ತದ ಕಣ ಸರಿಯಾಗಿ ತಯಾರಾಗದ ರೋಗ. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರುತ್ತೇವೆ. ಈಗ ಜೀನ್ ಪರೀಕ್ಷೆಯಲ್ಲಿ 'ಎಸ್‌ಎಫ್‌3ಬಿ1 ಕೆ700ಇ' ಎಂದು ಬಂದಿದೆ. ಡಾಕ್ಟರು ಎರಡು ಮಾತಲ್ಲಿ ಮುಗಿಸಿದರು. ಈ ಜೀನಿನ ಪ್ರೋಟೀನನ್ನೇ ಗುರಿ ಮಾಡುವ ಔಷಧಿ ಇದೆ ಅಂತ ಓದಿದೆ. ಎಲ್ಲಿ ಸಿಗುತ್ತದೆ? ಸಾಲ ಮಾಡಿಯಾದರೂ ಕೊಡಿಸುತ್ತೇನೆ. ಮಗಳಿಗೂ ಪರೀಕ್ಷೆ ಮಾಡಿಸಬೇಕಾ?

ಕುಮಟಾದವಳು:
ಅಣ್ಣ, ನಾನು ಆರ್‌ಎನ್‌ಎ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೊದಲು ಮಗಳ ವಿಷಯ. ಎಂಡಿಎಸ್‌ನಲ್ಲಿ ಈ ಬದಲಾವಣೆ ಮೂಳೆಯೊಳಗಿನ ಮಜ್ಜೆಯಲ್ಲಿ, ಹುಟ್ಟಿದ ಮೇಲೆ ನಡುವೆ ಆಗುವಂಥದ್ದು. ಮಕ್ಕಳಿಗೆ ಇಳಿದು ಬರುವುದಿಲ್ಲ. ಹೆದರಬೇಡಿ.

ಜೀನಿನಿಂದ ಹೊರಡುವ ಆರ್‌ಎನ್‌ಎ ಎಂಬ ಸಂದೇಶದಲ್ಲಿ ಬೇಡದ ತುಂಡುಗಳೂ ಇರುತ್ತವೆ. ಅವನ್ನು ತೆಗೆದು ಉಳಿದದ್ದನ್ನು ಜೋಡಿಸಬೇಕು. ಎಲ್ಲಿ ಕತ್ತರಿಸಬೇಕು ಅಂತ ಗುರುತು ಹಿಡಿಯುವವರಲ್ಲಿ ಎಸ್‌ಎಫ್‌3ಬಿ1 ಒಂದು. ಕೆ700ಇ ಅಂದರೆ, ನಿಮ್ಮ ಅಪ್ಪಯ್ಯನಲ್ಲಿ ಅದರ 700ನೇ ಜಾಗದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಗ್ಲುಟಮಿಕ್ ಆಮ್ಲ ಕೂತಿದೆ. ಕೆಲವು ಕಡೆ ಕತ್ತರಿ ಸ್ವಲ್ಪ ಮೊದಲೇ ಬೀಳುತ್ತದೆ. ಕಬ್ಬಿಣದ ಸಾಗಾಟಕ್ಕೆ ಬೇಕಾದ ಎಬಿಸಿಬಿ7 ಎಂಬ ಜೀನಿನ ಸಂದೇಶ ಹೀಗೆ ಕೆಡುತ್ತದೆ. ಕಬ್ಬಿಣ ಮೈಟೊಕಾಂಡ್ರಿಯಾದಲ್ಲೇ ಸೇರಿಕೊಳ್ಳುತ್ತದೆ, ಕೆಂಪು ಕಣ ಸರಿಯಾಗಿ ಬಲಿಯುವುದಿಲ್ಲ.

ಈ ಕೋಶಗಳಲ್ಲಿ ಜೀನಿನ ಒಂದು ಪ್ರತಿ ಕೆಟ್ಟಿದೆ, ಇನ್ನೊಂದರ ಮೇಲೇ ಬದುಕು. ಆ ಪ್ರೋಟೀನನ್ನು ಸ್ವಲ್ಪ ತಡೆದರೆ ರೋಗದ ಕೋಶವೇ ಮೊದಲು ಸಾಯಬೇಕು ಅನ್ನುವುದು ಲೆಕ್ಕ. ಆದರೆ ಒಳ್ಳೆಯ ಕೋಶಕ್ಕೂ ಅದು ಬೇಕಲ್ವಾ? ಹೀಗೆ ತಡೆಯುವ ಇ7107 ಎಂಬ ಔಷಧಿಯ ಪ್ರಯೋಗದಲ್ಲಿ ಕೆಲವರ ಕಣ್ಣಿಗೇ ತೊಂದರೆಯಾಗಿ ನಿಲ್ಲಿಸಿದರು. ಅಂಥದ್ದೇ ಇನ್ನೊಂದು ಔಷಧಿ ಎಚ್‌3ಬಿ-8800 ಅನ್ನು ರಕ್ತದ ರೋಗವಿದ್ದ 84 ಜನರಿಗೆ ಕೊಟ್ಟು ನೋಡಿದರು. ಕೆಲವರಿಗೆ ರಕ್ತ ಹಾಕಿಸುವುದು ಕಡಿಮೆಯಾಯಿತು, ರೋಗ ಮಾತ್ರ ಹಿಡಿತಕ್ಕೆ ಬರಲಿಲ್ಲ. ದಯವಿಟ್ಟು ಇದಕ್ಕಾಗಿ ಸಾಲ ಮಾಡಬೇಡಿ.

ಬೈತಖೋಲ್, ಕಾರವಾರ:
ನಮ್ಮ ದೊಡ್ಡಮ್ಮನಿಗೂ ಇದೇ ಇತ್ತು. ಫೆರಿಟಿನ್, ಅಂದರೆ ಮೈಯಲ್ಲಿ ಎಷ್ಟು ಕಬ್ಬಿಣ ಸೇರಿದೆ ಅಂತ ತೋರಿಸುವ ರಕ್ತಪರೀಕ್ಷೆ, ನೋಡಿಸಿದ್ದೀರಾ? ಒಂದು ಚೀಲ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ನಮಗೆ ಯಾರೂ ಹೇಳಲಿಲ್ಲ, ಒಂದು ವರ್ಷ ಸುಮ್ನೆ ಕಳೆದುಹೋಯಿತು. ಲಸ್ಪಾಟರ್ಸೆಪ್ಟ್ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಕುಮಟಾದವಳು:
ಹೌದು. ಅದು ಎಸ್‌ಎಫ್‌3ಬಿ1 ಅನ್ನು ಮುಟ್ಟುವುದಿಲ್ಲ, ಕೆಂಪು ಕಣ ಬಲಿಯಲು ನೆರವಾಗುತ್ತದೆ. ಇಂಥ ಎಂಡಿಎಸ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಮತ್ತೆ, ಎಂಡಿಎಸ್‌ನಲ್ಲಿ ಈ ಬದಲಾವಣೆ ಇದ್ದವರಿಗೆ ರೋಗ ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ. ಅಪ್ಪಯ್ಯನಿಗೆ ಅದನ್ನೂ ಹೇಳಿ.

ತೋಟದಮನೆ, ಶಿರಸಿ:
ಹೇಳಿದೆ. ಆಯಿ ಎರಡು ಸಲ ಕೇಳಿಸಿಕೊಂಡಳು. ಗುರುವಾರ ಹುಬ್ಬಳ್ಳಿ. ಫೆರಿಟಿನ್, ಲಸ್ಪಾಟರ್ಸೆಪ್ಟ್ ಎರಡನ್ನೂ ಚೀಟಿಯಲ್ಲಿ ಬರೆದು ಫೈಲಿಗೆ ಹಾಕಿದ್ದೇನೆ. ಸೊಸೈಟಿಗೆ ಕೊಟ್ಟ ಸಾಲದ ಅರ್ಜಿ ನಾಳೆ ವಾಪಸ್ ತೆಗೆದುಕೊಳ್ಳುತ್ತೇನೆ.